ಹಗ್ಗದ ಅಡಿಯ ನೆಲ

“ಗುರುಗಳೇ, ಗೆರೆಗೆ ಉದ್ದ ಮಾತ್ರ, ಅಗಲವಿಲ್ಲ ಎಂದಿರಿ. ನಾನು ಎಷ್ಟು ತೆಳ್ಳಗೆ ಎಳೆದರೂ ಅಗಲ ಬಂದೇ ಬರುತ್ತದೆ. ಅಗಲವೇ ಇಲ್ಲದ ಗೆರೆ ಮೊದಲು ಯಾರಿಗೆ ಬೇಕಾಯಿತು?” ಎಂದು ಶಿಷ್ಯ ಪಂಪಣ್ಣ ಕೇಳಿದ. ರೇಖಾಗಣಿತದ ಪಾಠ ಆಗಷ್ಟೇ ಶುರುವಾಗಿತ್ತು.

“ಒಬ್ಬ ರೈತನಿಗೆ” ಎಂದು ಗುರುಗಳು ಕತೆ ತೆಗೆದರು.

ಅವನ ಹೊಲ ಹೊಳೆಯ ದಂಡೆಯಲ್ಲಿತ್ತು. ಪ್ರತಿ ವರ್ಷ ನೆರೆ ಬಂದು ಬದುವನ್ನು ಅಳಿಸಿ ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಎರಡು ತುದಿಯ ಗಡಿಕಲ್ಲುಗಳು ಮಾತ್ರ. ನೀರು ಇಳಿದ ಮೇಲೆ ಅವನೂ ಪಕ್ಕದ ಹೊಲದವನೂ ಕಲ್ಲಿನಿಂದ ಕಲ್ಲಿಗೆ ಹಗ್ಗ ಹಿಡಿದು, ತಮ್ಮ ತಮ್ಮ ಪಾಲು ಗುರುತಿಸಿಕೊಂಡು ಕಡಲೆ ಬಿತ್ತುವುದು ವಾಡಿಕೆ.

ಒಂದು ವರ್ಷ ರೈತನ ತಲೆಗೆ ಹುಳ ಹೊಕ್ಕಿತು. ಹಗ್ಗ ಹೆಬ್ಬೆರಳಿನಷ್ಟು ದಪ್ಪ. ಅದರ ಅಡಿಯ ನೆಲ ಯಾರದು? ತನ್ನದೇ ಎಂದ. ಪಕ್ಕದವನು ಬಿಟ್ಟಾನೆಯೇ, ತನ್ನದು ಎಂದ. ಹುರಿ ತಂದರು, ಹುರಿಗೂ ಅಗಲವಿತ್ತು. ನೂಲು ತಂದರು, ನೂಲಿನಡಿಯ ನೆಲಕ್ಕೂ ಇಬ್ಬರು ಒಡೆಯರಾದರು. ಇಷ್ಟರಲ್ಲಿ ಆರು ದಿನ ಕಳೆದವು. ಮಣ್ಣಿನ ಹದ ಆರುತ್ತಿತ್ತು. ಇನ್ನೆರಡು ದಿನ ಹೋದರೆ ಬಿತ್ತಿದ ಕಾಳು ಮೊಳೆಯುವುದಿಲ್ಲ, ವರ್ಷದ ಕೂಳು ಇಲ್ಲ. ರೈತನಿಗೆ ಅದು ಗೊತ್ತಿತ್ತು, ಒಳಗೊಳಗೆ ಹೆದರಿಕೆಯೂ ಆಗುತ್ತಿತ್ತು. ಆದರೂ ಮೊದಲು ಸೋಲುವುದಕ್ಕೆ ಮನಸ್ಸು ಬರಲಿಲ್ಲ.

ಏಳನೆಯ ದಿನ ಬುತ್ತಿ ತಂದ ಅವನ ಹೆಂಡತಿ ಬುತ್ತಿಯನ್ನು ಕೆಳಗಿಟ್ಟು, ನೂಲನ್ನು ಕಿತ್ತು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅದನ್ನ ತಗದ್ರ ನಾ ಎಲ್ಲೀತನಕ ಬಿತ್ತಲಿ?” ಎಂದು ರೈತ ಕೇಳಿದ.

“ಈ ಕಲ್ಲಿನ ಹಂತೇಕ ನಿಂತು ಆ ಕಲ್ಲು ನೋಡ್ರಿ. ನಿಮ್ಮ ನೋಟಕ್ಕ ಅಗಲ ಐತೇನು?”

ರೈತ ನೋಡಿದ. ಪಕ್ಕದವನೂ ಬಂದು ನೋಡಿದ. ಗೆರೆ ಇತ್ತು, ಅದರ ಅಡಿಯಲ್ಲಿ ಜಗಳಕ್ಕೆ ನೆಲ ಮಾತ್ರ ಇರಲಿಲ್ಲ. ಇಬ್ಬರಿಗೂ ನಾಚಿಕೆಯಾಯಿತು, ಆಮೇಲೆ ನಗುವೂ ಬಂತು. ಅಂದೇ ಕೂರಿಗೆ ಹೂಡಿ ಬಿತ್ತಿದರು. ಆ ವರ್ಷ ಎರಡು ಹೊಲದ ಕಡಲೆಯೂ ಒಂದಕ್ಕೊಂದು ತಾಗಿಕೊಂಡು ಬೆಳೆಯಿತು.

“ಹೊಳೆದಂಡೆಯವರೆಲ್ಲ ಆ ಗೆರೆಯಿಂದಲೇ ಹೊಲ ಅಳೆಯತೊಡಗಿದರು. ನಿನ್ನ ಹಲಗೆಯ ಮೇಲಿರುವ ತ್ರಿಕೋನ, ಚೌಕಗಳು ಅವರ ಹೊಲಗಳೇ” ಎಂದರು ಗುರುಗಳು.

ಪಂಪಣ್ಣನಿಗೆ ಪೂರ್ತಿ ಸಮಾಧಾನವಾಗಲಿಲ್ಲ. “ಆ ಗೆರೆಯನ್ನು ಒಮ್ಮೆ ನನಗೂ ತೋರಿಸಬಹುದೇ?” ಎಂದ.

ಗುರುಗಳು ನಕ್ಕರು. “ತೋರಿಸಲು ಬರುವಂತಿದ್ದರೆ ಅವರು ಇನ್ನೂ ಜಗಳವಾಡುತ್ತಲೇ ಇರುತ್ತಿದ್ದರು.”