ಹುಳ ತಿಂದ ಜಾಗ

ವರದೆಯ ದಂಡೆಯಲ್ಲಿ ಬೊಮ್ಮರಸ ಗುರುಗಳ ಆಶ್ರಮ. ಹುಳ ಹಿಡಿದ ಹಳೆಯ ಓಲೆಗ್ರಂಥಗಳನ್ನು ಹೊಸ ಓಲೆಗೆ ಪ್ರತಿ ಮಾಡುವುದು ಅಲ್ಲಿಯ ಕಸುಬು. ಕೇತಣ್ಣ ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಅವನ ಅಕ್ಷರವೋ, ನೋಡಲು ಎರಡು ಕಣ್ಣು ಸಾಲದು.

ಈಗ ಅವನಿಗೆ ದೂರದ ವಿದ್ಯಾಪೀಠ ಸೇರುವ ಆಸೆ. ಆಸೆ ಅಂದರೆ ಅಂತಿಂಥ ಆಸೆಯಲ್ಲ, ಊಟ ನಿದ್ದೆ ಎಲ್ಲ ಬಿಟ್ಟಿದ್ದ.

ಪೀಠದವರದು ಒಂದೇ ಷರತ್ತು. ನೀನು ಯಾರು ಅಂತ ನಿನ್ನ ಮಾತಿನಲ್ಲೇ ಒಂದು ಓಲೆ ಬರೆದು ಕಳಿಸು.

ಓಲೆ ಒಯ್ಯಲು ಪೀಠದಿಂದ ಬಂದವನು ಆಗಲೇ ಊಟಕ್ಕೆ ಕೂತಿದ್ದ. ಕೈ ತೊಳೆದನೆಂದರೆ ಹೊರಟ. ಮತ್ತೆ ಈ ಕಡೆ ಬರುವುದು ಮೂರು ವರ್ಷಕ್ಕೆ.

ಕೇತಣ್ಣ ಓಡಿಬಂದು ತಾನು ಬರೆದದ್ದನ್ನು ಗುರುಗಳ ಕೈಗೆ ಕೊಟ್ಟ. ಅವರು ಓದಿದರು. ಉದ್ದಕ್ಕೂ ಅವರದೇ ಹೊಗಳಿಕೆ.

"ಭೇಷ್! ಇದನ್ನು ಕಳಿಸಿದರೆ ಅವರು ನನ್ನನ್ನು ಸೇರಿಸಿಕೊಳ್ಳುತ್ತಾರೆ ಕಣಪ್ಪ. ಈ ಮೊಣಕಾಲು ಕಟ್ಟಿಕೊಂಡು ಅಷ್ಟು ದೂರ ನಡೆಯಲಾ?"

ಕೇತಣ್ಣ ನಾಲಿಗೆ ಕಚ್ಚಿಕೊಂಡ. ಸೊಂಟದಿಂದ ಇನ್ನೊಂದು ಓಲೆ ತೆಗೆದ. ಅದರಲ್ಲಿ ಒಬ್ಬ ಶೂರ ತುಂಬಿದ ಹೊಳೆಗೆ ಹಾರಿ ಜೋಡಿ ಎತ್ತುಗಳನ್ನು ದಡ ಮುಟ್ಟಿಸಿದ್ದ.

"ನಿನಗೆ ಈಜು ಬರುತ್ತಾ?"

"ಇಲ್ಲ ಗುರುಗಳೇ. ಅದು... ನಮ್ಮ ಚಿಕ್ಕಪ್ಪನ ಕಥೆ."

"ಹಾಗಾದರೆ ಚಿಕ್ಕಪ್ಪನನ್ನೇ ಕಳಿಸೋಣ ಬಿಡು."

ಕೇತಣ್ಣನ ಕಣ್ಣು ತುಂಬಿ ಬಂತು.

"ಮತ್ತೇನು ಬರೆಯಲಿ? ಆರು ವರ್ಷವೂ ಬೇರೆಯವರ ಮಾತನ್ನೇ ಬರೆದೆ. ನನ್ನದು ಅಂತ ಏನೂ ಇಲ್ಲ."

ಗುರುಗಳು ಒಳಗೆ ಹೋಗಿ ಅವನು ಪ್ರತಿ ಮಾಡಿದ ವೈದ್ಯಗ್ರಂಥ ತಂದರು. ದಾರ ಬಿಚ್ಚಿ ಒಂದು ಓಲೆಯನ್ನು ಅವನ ಮುಂದಿಟ್ಟರು. ಸಾಲಿನ ನಡುವೆ ಎರಡು ಬೆರಳಗಲ ಖಾಲಿ.

"ಇಲ್ಲಿ ಏನಾಯಿತು?"

"ಮೂಲದಲ್ಲಿ ಹುಳ ತಿಂದಿತ್ತು. ಬೇರಿನ ಹೆಸರೇ ಹೋಗಿತ್ತು."

"ಓಲೆಗೆ ಏನಾಯಿತು ಅಂತ ನನಗೆ ಗೊತ್ತು. ನಿನಗೆ ಏನಾಯಿತು?"

ಕೇತಣ್ಣ ತಲೆ ತಗ್ಗಿಸಿದ.

"ಮೊದಲು ಊಹೆ ಮಾಡಿ ಒಂದು ಹೆಸರು ಕೊರೆದುಬಿಟ್ಟೆ. ಸಾಲು ಚೆನ್ನಾಗಿಯೇ ಕಂಡಿತು. ಆದರೆ ಅವತ್ತು ಊಟ ಸೇರಲಿಲ್ಲ. ಯಾವುದೋ ಊರಿನ ಯಾವುದೋ ತಾಯಿ ಅದನ್ನು ನಂಬಿ, ಆ ಬೇರು ಅರೆದು ಮಗುವಿಗೆ ಕುಡಿಸಿದರೆ ಏನು ಗತಿ? ಓಲೆ ಮುರಿದುಹಾಕಿ ಮತ್ತೆ ಮೊದಲಿನಿಂದ ಬರೆದೆ, ಜಾಗ ಬಿಟ್ಟು. ಇವನಿಗೆ ಒಂದು ಬೇರಿನ ಹೆಸರೂ ತಿಳಿಯದು ಅಂತ ಜೊತೆಯವರೆಲ್ಲ ನಕ್ಕರು. ಪೀಠದವರ ಕಿವಿಗೆ ಇದನ್ನು ಹಾಕಬೇಡಿ ಗುರುಗಳೇ, ಮಾನ ಹೋಗುತ್ತದೆ."

ಇಂಥ ಶಿಷ್ಯ ಕಣ್ಣೆದುರೇ ಇದ್ದನಲ್ಲ ಎಂದು ಗುರುಗಳ ಎದೆ ತುಂಬಿತು.

ಆಮೇಲೆ ತಮ್ಮ ಮಣೆಯಿಂದ ಎದ್ದರು. ಕೇತಣ್ಣನ ರಟ್ಟೆ ಹಿಡಿದು ಅದರ ಮೇಲೆ ಕೂರಿಸಿ, ಒಂದು ಹೊಸ ಓಲೆಯನ್ನೂ ಅಕ್ಷರ ಕೊರೆಯುವ ತಮ್ಮ ಕಂಟವನ್ನೂ ಕೈಗಿತ್ತರು. ತಾವು ಬರಿ ನೆಲದ ಮೇಲೆ ಕೂತರು.

"ಅಯ್ಯೋ, ಇದೇನು ಗುರುಗಳೇ! ಹುಳ ತಿಂದ ಜಾಗದ ಬಗ್ಗೆ ಬರೆಯಲಾ? ಅದನ್ನು ಯಾರು ಓದುತ್ತಾರೆ?"

"ನಲವತ್ತು ವರ್ಷ ನಾನೂ ಪ್ರತಿ ಮಾಡಿದ್ದೇನೆ ಕೇತಣ್ಣ. ಒಂದೇ ಒಂದು ತೂತನ್ನು ಖಾಲಿ ಬಿಡುವ ಧೈರ್ಯ ನನಗೆ ಬರಲಿಲ್ಲ. ನೀನು ಬರೆ, ನಾನು ಓದಬೇಕು."