ಬಿಸಿಲಿಗಿಟ್ಟ ದಾರ

“ಗುರುಗಳೇ, ನೀವು ನನ್ನ ಕೈ ಬಿಟ್ಟಿರೇನು?”

ಕೇಳಿದವನು ಮಹಲಿಂಗ. ಹೊಳೆಯ ದಡದ ಆ ಸಣ್ಣ ಮಠದಲ್ಲಿ, ಗುರು ಅಂಕಯ್ಯನವರ ಬಳಿ, ಅವನು ಆರು ವರ್ಷದಿಂದ ಇದ್ದ. ಹೆಗಲ ಮೇಲೆ ಜೋಳಿಗೆ ಇತ್ತು. ಅದರೊಳಗೆ ಎರಡು ಪಂಚೆ, ಒಂದು ಕಂಬಳಿ, ಒಂದು ತಂಬಿಗೆ. ಗುರುಗಳು ಹೌದು ಎಂದರೆ ಆ ಕ್ಷಣವೇ ಹೊರಟುಬಿಡುವುದೆಂದು ಎಲ್ಲವನ್ನೂ ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ, ಯಾಕಪ್ಪ ಎಂದರು.

ಮಹಲಿಂಗನ ಸಂಕಟ ಇಷ್ಟು. ಸುತ್ತಿನ ಊರಿನವರು ತಮ್ಮ ಜಗಳ, ಮನಸ್ತಾಪಗಳನ್ನು ಮಠಕ್ಕೆ ತರುವುದು ಹಳೆಯ ರೂಢಿ. ಅವರಿಗೆ ಬುದ್ಧಿ ಹೇಳುವ ಕೆಲಸವನ್ನು ಗುರುಗಳು ವರ್ಷದ ಹಿಂದೆ ಅವನಿಗೆ ಒಪ್ಪಿಸಿದ್ದರು. ಮೊದಮೊದಲು ಪಕ್ಕದಲ್ಲೇ ಕುಳಿತು ತಿದ್ದುತ್ತಿದ್ದರು. ಅಷ್ಟು ಸಾಕು ಎನ್ನುತ್ತಿದ್ದರು, ಆ ಮಾತು ಬೇಡ ಎನ್ನುತ್ತಿದ್ದರು. ಈಗ ಮೂರು ತಿಂಗಳಿಂದ ಒಂದು ಮಾತಿಲ್ಲ. ಇವನು ಮಾತಾಡುತ್ತಿದ್ದರೆ ಅವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿರುತ್ತಾರೆ. ಸಂಜೆಯಾದರೆ ಕೋಲು ಹಿಡಿದು ಗಾಳಿ ಸಂಚಾರಕ್ಕೆ ಹೊರಟುಬಿಡುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಅಡುಗೆಯವನಿಗೆ ಬೈಗುಳವುಂಟು. ಗೊನೆಯನ್ನು ಬಲಿಯುವ ಮೊದಲೇ ಕಡಿದರೆ ತೋಟದವನಿಗೂ ಉಂಟು. ಇವನ ಪಾಲಿಗೆ ಬೈಗುಳವೂ ಇಲ್ಲ.

ಆ ಬೆಳಿಗ್ಗೆಯೂ ಹಾಗೇ ಆಗಿತ್ತು. ಕೆಳಗಿನ ಊರಿನ ಒಬ್ಬ ಕುಂಬಾರ ತನ್ನ ತಮ್ಮನ ಮೇಲೆ ದೂರು ತಂದಿದ್ದ. ತಪ್ಪು ಕುಂಬಾರನದೇ. ಮಹಲಿಂಗ ಅದನ್ನು ಹೇಳಿದ. ಹೇಳಿ ಮುಗಿದ ಮೇಲೂ ಹೇಳಿದ. ಸತ್ತುಹೋದ ಅವನ ಅಪ್ಪನ ತಪ್ಪುಗಳನ್ನೂ ಎತ್ತಿ ಆಡಿದ. ಕುಂಬಾರ ಮುಖ ಕೆಂಪಗೆ ಮಾಡಿಕೊಂಡು, ಪ್ರಸಾದವನ್ನೂ ಮುಟ್ಟದೆ ಎದ್ದುಹೋದ. ಗುರುಗಳು ಕಣ್ಣು ತೆರೆಯಲಿಲ್ಲ.

ತಪ್ಪಿದ್ದರೆ ಬೈಯಬೇಕು, ಸರಿಯಿದ್ದರೆ ಒಂದು ಒಳ್ಳೆಯ ಮಾತು ಹೇಳಬೇಕು ಎಂದ ಮಹಲಿಂಗ. ಸಿಟ್ಟು ಮಾಡಿಕೊಂಡು ಹೋದವರು ಎಂಟು ದಿನಕ್ಕೆ ತಾವೇ ತಣ್ಣಗಾಗಿ ಕೈಮುಗಿದು ಬರುತ್ತಾರೆ, ಅಂದಮೇಲೆ ತನ್ನ ಮಾತು ಸರಿಯೇ ಇರಬೇಕು, ಅದನ್ನಾದರೂ ಗುರುಗಳು ಆಡಬಾರದೇ ಎಂದ. ಎರಡೂ ಇಲ್ಲವೆಂದರೆ ತಾನು ಅವರಿಗೆ ಬೇಡವಾದೆನೆಂದೇ ಅರ್ಥ.

ಗುರುಗಳು ಅವರೆಕಾಯಿಯ ಮೊರವನ್ನು ಅವನ ಕಡೆಗೆ ತಳ್ಳಿದರು. “ಜೋಳಿಗೆ ಕೆಳಗಿಡು. ಕಾಯಿ ಸುಲಿ. ಒಂದು ಕತೆ ಕೇಳಿ ಹೋದರೆ ದಾರಿ ಏನೂ ಓಡಿಹೋಗುವುದಿಲ್ಲ.”

ಗುರುಗಳು ಹುಟ್ಟಿದ್ದು ಅಂಬಿಗರ ಮನೆಯಲ್ಲಿ. ಅವರ ಕತೆಗಳೆಲ್ಲ ನೀರಿನ ಮೇಲೇ ನಡೆಯುತ್ತಿದ್ದವು. ಮಹಲಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಅವನಿಗೊಬ್ಬಳು ಹೆಂಡತಿ. ಅವರಿಬ್ಬರದು ಒಂದೇ ಹರಿಗೋಲು. ಅವಳು ಹುಟ್ಟು ಹಾಕುವಳು, ಅವನು ಮೀನು ಹಿಡಿಯುವನು. ಅವರ ಪಾಲಿಗೆ ಬಂದ ಮಡುವಿನಲ್ಲಿ ದೊಡ್ಡ ಮೀನೆಲ್ಲ ಆಚೆ ದಡದ ಬಂಡೆಗಳ ಬುಡದಲ್ಲಿರುತ್ತಿತ್ತು. ಅಲ್ಲಿ ಸುಳಿ. ಹರಿಗೋಲು ಹೋದರೆ ಮುಳುಗಿತೆಂದೇ ಲೆಕ್ಕ. ಬಲೆ ಬೀಸಿದರೆ ಬಂಡೆಗೆ ಸಿಕ್ಕಿ ಹರಿಯುತ್ತಿತ್ತು. ದೂರದಿಂದ ಗಾಳ ಎಸೆಯುವುದೊಂದೇ ದಾರಿ.

ಅದಕ್ಕೆ ಅಂಬಿಗನ ಬಳಿ ಒಂದು ರಾಟೆಗಾಳ ಇತ್ತು. ಮೀನಿನ ಶೋಕಿಗೆ ಬಂದ ಪಟ್ಟಣದವನೊಬ್ಬ ಮೆಚ್ಚಿ ಕೊಟ್ಟು ಹೋದದ್ದು. ಕೋಲಿನ ಹಿಡಿಯ ಹತ್ತಿರ ನಿಂಬೆಹಣ್ಣಿನಷ್ಟು ದೊಡ್ಡ ರಾಟೆ, ಅದರ ತುಂಬ ದಾರ. ಗಟ್ಟಿಯಾಗಿ ಬೇಯಿಸಿದ ರಾಗಿಯ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಎಸೆದರೆ, ಉಂಡೆ ಹಾರುತ್ತ ದಾರ ಎಳೆಯುತ್ತದೆ, ರಾಟೆ ಗಿರ್ರನೆ ತಿರುಗುತ್ತದೆ. ತಮಾಷೆ ಇರುವುದು ಅಲ್ಲೇ. ಉಂಡೆ ನೀರಿಗೆ ಬಿದ್ದು ನಿಂತರೂ ರಾಟೆ ನಿಲ್ಲುವುದಿಲ್ಲ. ಸುಮ್ಮನೆ ಬಿಟ್ಟರೆ ತಿರುಗುತ್ತಲೇ ಇದ್ದು, ದಾರವನ್ನೆಲ್ಲ ಕಕ್ಕಿ, ಕಾಗೆಗೂಡಿನಂಥ ಸಿಕ್ಕು ಮಾಡಿಡುತ್ತದೆ. ಹಾಗೆಂದು ಹೆದರಿ ಹೆಬ್ಬೆರಳನ್ನು ಒತ್ತಿ ಹಿಡಿದರೆ ಉಂಡೆ ಹಾರುವುದೇ ಇಲ್ಲ, ಹರಿಗೋಲಿನ ಬುಡಕ್ಕೇ ಬೀಳುತ್ತದೆ. ಹೆಬ್ಬೆರಳು ದಾರದ ಮೇಲೆ ಇದ್ದೂ ಇಲ್ಲದಂತಿರಬೇಕು. ಅಂಬಿಗನಿಗೆ ಆ ವಿದ್ಯೆ ಒಲಿದಿತ್ತು.

ಒಂದು ಸಲ ದೊಡ್ಡ ಮೀನೊಂದು ಎಳೆದ ರಭಸಕ್ಕೆ ದಾರವು ಅವನ ಬಲಗೈ ಹೆಬ್ಬೆರಳನ್ನು ಎಲುಬಿನವರೆಗೆ ಕೊಯ್ದುಬಿಟ್ಟಿತು. ಗಾಯ ಮಾಯಿತು, ಆದರೆ ಬೆರಳಿನ ಅರಿವು ಹೋಯಿತು. ಕೆಂಡ ಇಟ್ಟರೂ ತಿಳಿಯದು. ಎಡಗೈಗೆ ಆ ವಿದ್ಯೆ ಹತ್ತಲಿಲ್ಲ. ಹೊಳೆ ತುಂಬಿ ಮೀನು ಹಿಡಿಯುವುದು ನಿಲ್ಲುವುದಕ್ಕೆ ಇನ್ನು ಎರಡು ತಿಂಗಳಿತ್ತು. ಅಷ್ಟರಲ್ಲಿ ಹೆಂಡತಿ ಎಸೆಯುವುದನ್ನು ಕಲಿತರೆ ಉಂಟು, ಇಲ್ಲವಾದರೆ ಆ ಮಡುವನ್ನು ಬೇರೆಯವರಿಗೆ ಬಿಟ್ಟು ಊರೇ ಬಿಡಬೇಕು. ಅವಳು ಕೋಲು ಹಿಡಿದಳು. ಅವನು ಹುಟ್ಟು ಹಿಡಿದ.

ಮೊದಲ ತಿಂಗಳು ಅವನು ಕೂಗಿದ್ದೇ ಕೂಗಿದ್ದು. ಬಿಡು ಎಂದು ಕೂಗುವನು, ಒತ್ತು ಎಂದು ಕೂಗುವನು. ಆಚೆ ದಡದ ಕೊಕ್ಕರೆಗಳಿಗೆಲ್ಲ ಪಾಠ ಬಾಯಿಗೆ ಬಂತು, ಇವಳಿಗೆ ಬರಲಿಲ್ಲ. ಎಸೆದಾಗೊಮ್ಮೆ ಸಿಕ್ಕು. ಕೋಲೇ ಸರಿಯಿಲ್ಲ ಎಂದು ಅವಳು ಗೊಣಗಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಬೈದರೂ ನಕ್ಕರೂ ಅವನ ಮುಖ ತನ್ನ ಕಡೆಗಿದೆಯೆಂಬ ಧೈರ್ಯ ಅವಳಿಗಿತ್ತು.

ಎರಡನೆಯ ತಿಂಗಳು ಹುಟ್ಟಿದ ದಿನದಿಂದ ಅವನು ಮಾತು ನಿಲ್ಲಿಸಿದ. ಹರಿಗೋಲಿನಲ್ಲಿ ಅವಳಿಗೆ ಬೆನ್ನು ಮಾಡಿ ಕುಳಿತ. ಅವಳು ಎಸೆದರೆ ತಿರುಗಿ ನೋಡನು, ಸಿಕ್ಕು ಬಿದ್ದರೆ ತುಟಿ ಬಿಚ್ಚನು. ಅವಳು ಬಿಡಿಸಲು ಕುಳಿತರೆ, ಅದನ್ನು ಬುಟ್ಟಿಗೆ ಹಾಕು, ದಡದ ಸಣ್ಣ ಮೀನನ್ನಾದರೂ ಹಿಡಿಯೋಣ ಎಂದಷ್ಟೇ ಹೇಳುವನು. ಆ ಸಣ್ಣ ಮೀನನ್ನು ಹೊತ್ತು ಅವಳು ದಿನವೂ ಪೇಟೆಗೆ ಹೋಗಿ ಮಾರಿ ಬರುವಳು. ಮರುದಿನ ನೋಡಿದರೆ ದಾರ ಸಿಕ್ಕಿಲ್ಲದೆ ರಾಟೆಯಲ್ಲಿ ಸುತ್ತಿಕೊಂಡಿರುತ್ತಿತ್ತು. ಇದು ಹೇಗೆಂದು ಒಮ್ಮೆ ಕೇಳಿದಳು. ಇದು ಪಟ್ಟಣದ ದಾರ ಕಣೇ, ಬಿಸಿಲಿಗಿಟ್ಟರೆ ಸಿಕ್ಕು ತಾನೇ ಬಿಡುತ್ತದೆ ಎಂದ. ಪಟ್ಟಣದ ವಸ್ತು ಏನು ಬೇಕಾದರೂ ಮಾಡೀತು ಎಂದು ಅವಳು ನಂಬಿದಳು. ನಗಬೇಡ ಮಹಲಿಂಗ, ಅವಳ ಜಾಗದಲ್ಲಿದ್ದರೆ ನೀನೂ ನಂಬುತ್ತಿದ್ದೆ.

ಗಂಡನ ಬೆನ್ನು ನೋಡಿ ನೋಡಿ ಅವಳ ಎದೆ ಒಣಗಿತು. ಇವನು ನನ್ನ ಆಸೆ ಬಿಟ್ಟಿದ್ದಾನೆ, ಒಂದು ಬೈಗುಳಕ್ಕೂ ಬಾರದವಳಾದೆ ಎಂದುಕೊಂಡಳು. ಒಂದು ದಿನ ಪೇಟೆಯಲ್ಲಿ ಮೀನು ಬೇಗ ಮುಗಿಯಿತು. ಬರುವ ದಾರಿಯಲ್ಲಿ ಗಟ್ಟಿ ಮನಸ್ಸು ಮಾಡಿದಳು. ಆ ಕೋಲನ್ನು ಮಡುವಿಗೆ ಎಸೆದು ತವರಿಗೆ ಹೋಗಿಬಿಡುವುದು. ಮನೆಗೆ ಬಂದಳು. ಕೋಲು ಅದರ ಮೂಲೆಯಲ್ಲಿರಲಿಲ್ಲ. ಹಿತ್ತಲಿಗೆ ಹೋದಳು.

ಹಿತ್ತಲ ಹೊಂಗೆಮರದ ಕೆಳಗೆ ಗಂಡ ಕುಳಿತಿದ್ದ. ರಾಟೆ ಮೊಣಕಾಲುಗಳ ನಡುವೆ ಇತ್ತು. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಜಾಲಿಮುಳ್ಳು ಹಿಡಿದು, ಒಂದೊಂದೇ ಎಳೆ ಬಿಡಿಸುತ್ತಿದ್ದ. ಒಂದು ಗಂಟು ಬಿಟ್ಟುಕೊಂಡರೆ, ಬಂದೆಯಾ ನನ್ನವ್ವ ಎಂದು ಅದನ್ನೇ ಮುದ್ದು ಮಾಡುತ್ತಿದ್ದ. ಬಿಗಿ ಹಿಡಿದ ದಾರ ಅವನ ಬಲಗೈ ಹೆಬ್ಬೆರಳನ್ನು ಮತ್ತೆ ಕೊಯ್ದಿತ್ತು. ರಕ್ತ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅರಿವಿಲ್ಲದ ಬೆರಳು, ಅವನಿಗೆ ತಿಳಿದೇ ಇರಲಿಲ್ಲ.

ಅವಳು ಓಡಿಹೋಗಿ ಆ ಕೈ ಹಿಡಿದುಕೊಂಡಳು. ಅವನು ಕದ್ದು ಸಿಕ್ಕಿಬಿದ್ದವನಂತೆ ನೋಡಿದ.

“ದಿನಾ ನೀನೇ ಬಿಡಿಸುತ್ತಿದ್ದೆಯಾ? ಹಾಗಿದ್ದರೆ ಹೊಳೆಯಲ್ಲಿ ಯಾಕೆ ಮುಖ ತಿರುಗಿಸಿಕೊಂಡು ಕೂರುತ್ತೀಯ?”

“ನಾನು ಒತ್ತು ಅಂದಮೇಲೆ ನೀನು ಒತ್ತುತ್ತಿದ್ದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ನಿನ್ನ ಬೆರಳು ದಾರದ ಮಾತು ಕೇಳಬೇಕು, ನನ್ನ ಮಾತನ್ನಲ್ಲ. ನನ್ನ ಬಾಯಿ ನನ್ನ ಕೈಲಿಲ್ಲ ಕಣೇ. ನೋಡುತ್ತ ಕೂತರೆ ಕೂಗಿಬಿಡುತ್ತೇನೆ. ಅದಕ್ಕೇ ತಿರುಗಿ ಕೂತೆ.”

ಬಿಡಿಸುವುದನ್ನಾದರೂ ಹೇಳಬಹುದಿತ್ತಲ್ಲ ಎಂದು ಅವಳು ಅಳುತ್ತ ಕೇಳಿದಳು. ಹೇಳಿದ್ದರೆ ಎಸೆಯುವಾಗ ಈ ಸಿಕ್ಕೇ ನಿನ್ನ ಕಣ್ಣ ಮುಂದೆ ಬರುತ್ತಿತ್ತು, ಹೆದರಿದ ಕೈ ದೂರ ಎಸೆಯುವುದಿಲ್ಲ ಎಂದ. ಅವಳು ಅತ್ತಳು, ಬಾಯಿಗೆ ಬಂದಂತೆ ಬೈದಳು, ಸೀರೆಯ ಸೆರಗು ಹರಿದು ಅವನ ಬೆರಳಿಗೆ ಕಟ್ಟಿದಳು.

ಮರುದಿನ ಹೊಳೆಗೆ ಹೋದರು. ಅವನು ಹೇಳಿದಂತೆಯೇ ಆಯಿತು. ಆ ಕಟ್ಟು ಕಣ್ಣಿಗೆ ಬಿದ್ದು, ಅವಳ ಕೈ ಹೆದರಿ, ಉಂಡೆ ಹರಿಗೋಲಿನ ಬುಡಕ್ಕೇ ಬಿತ್ತು. ಇನ್ನೊಂದು ಸಲವೂ ಅಲ್ಲಿಗೇ ಬಿತ್ತು. ಆಗ ಅವಳು, ಎಷ್ಟು ಸಿಕ್ಕು ಬಿದ್ದರೂ ಇವನು ಬಿಡಿಸುತ್ತಾನಲ್ಲ, ಬೀಳಲಿ ಎಂದುಕೊಂಡಳು. ತಾನೂ ಅವನಿಗೆ ಬೆನ್ನು ಮಾಡಿ ನಿಂತು, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದಳು. ಹೆಬ್ಬೆರಳ ಕೆಳಗೆ ದಾರ ಕಚಗುಳಿ ಇಡುತ್ತ ಓಡಿತು. ಕಚಗುಳಿ ಸಣ್ಣದಾಗುತ್ತ ಬಂತು. ನಿಂತೇಬಿಡುತ್ತದೆ ಅನ್ನಿಸಿದ ಕ್ಷಣ ಅವಳ ಬೆರಳು ತಾನಾಗಿಯೇ ಒತ್ತಿತು. ಆಚೆ ಬಂಡೆಯ ಬುಡದಲ್ಲಿ ಉಂಡೆ ಪುಳಕ್ಕೆಂದು ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಅಂಬಿಗ ತಿರುಗಿ ನೋಡಲಿಲ್ಲ. ಆದರೆ ಹುಟ್ಟು ಹಾಕುವುದನ್ನು ಮರೆತ. ಹರಿಗೋಲು ಒಂದು ಸುತ್ತು ತಿರುಗಿತು.

ಮೂರನೆಯ ದಿನ ದೊಡ್ಡ ಮೀನು ಕಚ್ಚಿತು. ಮಡು ಅವರ ಕೈಯಲ್ಲೇ ಉಳಿಯಿತು. ಆಮೇಲೂ ಸಿಕ್ಕು ಬೀಳದೆ ಇರಲಿಲ್ಲ. ಆಮೇಲೆ ಇಬ್ಬರೂ ಹೊಂಗೆಮರದ ಕೆಳಗೆ ಕೂತು ಬಿಡಿಸುತ್ತಿದ್ದರು.

ಕತೆ ಮುಗಿಯಿತು. ಅವರೆಕಾಯಿಯೂ ಮುಗಿದಿತ್ತು. ಮಹಲಿಂಗ ಕಣ್ಣೊರೆಸಿಕೊಂಡು, ಅವಳ ಪುಣ್ಯ, ಬಿಡಿಸುವವನೊಬ್ಬ ಇದ್ದ ಎಂದ.

ಹೊತ್ತು ಇಳಿದಿತ್ತು. ಗುರುಗಳು ಎದ್ದು, ಅವನ ಜೋಳಿಗೆಯನ್ನು ಎತ್ತಿ, ಅದರಲ್ಲಿದ್ದ ಪಂಚೆ, ಕಂಬಳಿ, ತಂಬಿಗೆಯನ್ನು ಜಗಲಿಯ ಮೇಲೆ ಸುರಿದರು. ಸುಲಿದ ಕಾಳನ್ನೆಲ್ಲ ಅದೇ ಜೋಳಿಗೆಗೆ ತುಂಬಿದರು. ಒಳಗಿನಿಂದ ಬೆಳಗಿನ ಪ್ರಸಾದದ ಪೊಟ್ಟಣ ತಂದು ಅದರ ಮೇಲಿಟ್ಟರು. ಮೂಲೆಯ ಕೋಲು ತೆಗೆದುಕೊಂಡು ಮೆಟ್ಟಿಲಿಳಿದು, ಕೆಳಗಿನ ಊರಿನ ದಾರಿ ಹಿಡಿದರು.

ಮಹಲಿಂಗ ಹಿಂದಿನಿಂದ ಕೂಗಿ ಹೇಳಿದ. “ಅಲ್ಲಿ ಆ ಕುಂಬಾರ ಸಿಕ್ಕರೆ ನೀವೇನೂ ಮಾತಾಡಿಸಲು ಹೋಗಬೇಡಿ ಗುರುಗಳೇ. ಎಂಟು ದಿನ ಕಳೆದರೆ ಅವನು ತಾನೇ ತಣ್ಣಗಾಗುತ್ತಾನೆ.”

ಗುರುಗಳು ಕೋಲೂರಿ ನಿಂತು, ತಿರುಗದೆಯೇ ಹೇಳಿದರು: “ಹೌದಪ್ಪ, ಬಿಸಿಲಿಗಿಟ್ಟರೆ ಸಿಕ್ಕು ತಾನೇ ಬಿಡುತ್ತದೆ.”