ಮೊದಲ ಸ್ವಿಚ್ಚು ಯಜಮಾನರದೇ

ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಗೆ ಸಂಗನಬಸಪ್ಪ ಸಾವುಕಾರರು ಬಂದರೆಂದರೆ ರಿಪೇರಿಯವನ ಎದೆ ಧಸಕ್ಕೆನ್ನುತ್ತಿತ್ತು. ಕ್ರಿಪ್ಟೋ ಗಳಿಸಲು ಅವರು ಆರು ಗ್ರಾಫಿಕ್ಸ್ ಕಾರ್ಡಿನ ಮಷಿನ್ ಕಟ್ಟಿಸುತ್ತಿದ್ದರು. ಅದಕ್ಕೆ ಆರಿಸಿದ್ದು ಒಂದು ಕಾರ್ಡಿಗಷ್ಟೇ ಕರೆಂಟು ಸಾಲುವ ಸಣ್ಣ ಪವರ್ ಸಪ್ಲೈ.

"ಸುಡತೈತ್ರಿ, ಸಾವ್ಕಾರ್ರ."

"ನನಗ ಕಲಸ್ತೀಯೇನಲೇ? ಇದನ್ನ ಹಾಕು. ಸುಟ್ರ ನಿನ್ನ ನೌಕರಿ ಹೋಗತೈತಿ, ನಿಮ್ಮ ಮಾಲಕಗ ಹೇಳೇನಿ."

ಗಲ್ಲೆಯಲ್ಲಿ ಕೂತಿದ್ದ ಅಂಗಡಿ ಮಾಲೀಕ ಹೂಂ ಎಂದ. ಹಾಕಿದರೆ ಸುಟ್ಟು ಕೆಲಸ ಹೋಗುತ್ತದೆ, ಹಾಕದಿದ್ದರೆ ಮಾತು ಮೀರಿದ್ದಕ್ಕೆ ಹೋಗುತ್ತದೆ. ರಿಪೇರಿಯವನು ವೈರು ಜೋಡಿಸಿದ. ಮಷಿನ್ನಿಗೆ ಕುಂಕುಮ ಹಚ್ಚಿ ಕಾಯಿ ಒಡೆದ. ಪಕ್ಕದಲ್ಲೊಂದು ಮರಳಿನ ಬಕೆಟ್ ಇಟ್ಟು, ದೂರ ಸರಿದು ಕೈಮುಗಿದ.

"ಸ್ವಿಚ್ ಹಾಕ್ರಿ. ಹೊಸ ಮಷಿನ್, ಮೊದಲ ಕೈ ಯಜಮಾನರದ ಆಗಬೇಕು."

ಚಾಚಿದ ಬೆರಳು ಸ್ವಿಚ್ಚಿನ ಹತ್ತಿರವೇ ನಿಂತಿತು. "ಮರಳು ಯಾಕಲೇ?"

"ನಿಮ್ಮ ಕೈಗುಣ ದೊಡ್ಡದ್ರಿ. ಸಪ್ಲೈ ಮ್ಯಾಲ ಮಾತ್ರ ನನಗ ನಂಬಿಕಿ ಇಲ್ಲ."

ಬೆರಳು ಜೇಬಿಗಿಳಿಯಿತು. "ದೊಡ್ಡದ ಹಾಕು."

ಹಾಕಿದ. ಸಾವುಕಾರರು ಸ್ವಿಚ್ ಒತ್ತಿದರು; ಆರೂ ಕಾರ್ಡುಗಳ ಫ್ಯಾನುಗಳು ತಿರುಗಿದವು. ನೌಕರಿ ಉಳಿಯಿತೆಂದು ಅವನು ಬಕೆಟ್ ಎತ್ತಿ ಒಳಗಿಡಲು ಹೊರಟಾಗ ಸಾವುಕಾರರು ಬಾಗಿಲಲ್ಲಿ ತಿರುಗಿ ನಿಂತರು.

"ಆ ಸಣ್ಣದನ್ನ ತಗದಿಡು. ನಮ್ಮ ಅಳಿಯಂದೂ ಇಂಥಾದ ಮಷಿನ್. ನಾಳೆ ಅವನ ಮನಿಗೆ ಹೋಗಿ ಇದನ್ನ ಜೋಡಸು. ಸ್ವಿಚ್ ಅವನ ಹಾಕ್ತಾನ."

ರಿಪೇರಿಯವನು ಬಕೆಟ್ಟನ್ನು ಅಲ್ಲೇ ಕೆಳಗಿಟ್ಟ.